ಅಧಿಕಾರ ಬಿಟ್ಟ ಮೇಲೆ ಕಟ್ಟಿದ ಸಂಸ್ಥೆ: ಕಾರ್ಟರ್ ಸೆಂಟರ್ ಬಗ್ಗೆ ಟಿಪ್ಪಣಿ

ರಾಜಕೀಯ ನಾಯಕರು ಕಟ್ಟುವ ಸೇವಾ ಸಂಸ್ಥೆಗಳ ಬಗ್ಗೆ ಓದುವಾಗ ಈ ಪ್ರಶ್ನೆ ಕೈಯಲ್ಲಿರಲಿ: ನಾಯಕರ ಹೆಸರು ಸಂಸ್ಥೆಗಾಗಿ ದುಡಿಯುತ್ತಿದೆಯೋ, ಸಂಸ್ಥೆಯೇ ನಾಯಕರ ಹೆಸರಿಗಾಗಿ ದುಡಿಯುತ್ತಿದೆಯೋ?

ಜಿಮ್ಮಿ ಕಾರ್ಟರ್ ಅವರನ್ನೇ ತೆಗೆದುಕೊಳ್ಳಿ. 1980ರ ಚುನಾವಣೆಯಲ್ಲಿ ಸೋತು, 1981ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನದಿಂದ ಇಳಿದರು. 1982ರಲ್ಲಿ ಪತ್ನಿ ರೋಸಲಿನ್ ಜೊತೆ ಸೇರಿ ಅಟ್ಲಾಂಟಾದಲ್ಲಿ ಕಾರ್ಟರ್ ಸೆಂಟರ್ ಶುರು ಮಾಡಿದರು. ಎಮೊರಿ ವಿಶ್ವವಿದ್ಯಾಲಯ ಕೈ ಜೋಡಿಸಿತು. ಇಲ್ಲಿ ಮೊದಲು ಗಮನಿಸಬೇಕಾದ್ದು ಸಮಯ. ಕುರ್ಚಿಯಲ್ಲಿ ಕೂತು ದೇಣಿಗೆ ಕೇಳಿದರೆ, ಕೊಡುವವರು ಸುಮ್ನೆ ಕೊಡುವುದಿಲ್ಲ ಅಲ್ವಾ? ಕುರ್ಚಿ ಬಿಟ್ಟ ಮೇಲೆ ಆ ಅಪಾಯ ಕಡಿಮೆ, ಆದರೆ ಪೂರ್ತಿ ಹೋಗುವುದಿಲ್ಲ.

ಸೆಂಟರ್ ತನಗೆ ತಾನೇ ಕೆಲವು ಕಟ್ಟುಪಾಡು ಹಾಕಿಕೊಂಡಿದೆ. ಯಾವ ಪಕ್ಷದ ಪರವೂ ನಿಲ್ಲುವುದಿಲ್ಲ. ಸೋಲಬಹುದೆಂದು ಗೊತ್ತಿದ್ದೂ ಕಷ್ಟದ ಕೆಲಸಕ್ಕೆ ಕೈ ಹಾಕುತ್ತದೆ. ಬೇರೆಯವರು ಚೆನ್ನಾಗಿ ಮಾಡುತ್ತಿರುವುದನ್ನೇ ಮತ್ತೆ ಮಾಡುವುದಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಈ ಕೊನೆಯದು. ಹೆಸರು ಮಾಡಬೇಕೆಂದು ಬಂದವರಿಗೆ ಇದನ್ನು ಪಾಲಿಸುವುದು ತುಂಬ ಕಷ್ಟ.

ಇದು ಎದ್ದು ಕಾಣುವುದು ನಾರುಹುಣ್ಣು (ಗಿನಿ ಹುಳು) ರೋಗವನ್ನು ತಡೆಯಲು ಸೆಂಟರ್ ಮಾಡಿದ ಕೆಲಸದಲ್ಲಿ. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಈ ರೋಗದಿಂದ ನರಳುತ್ತಿದ್ದರು. ಲಸಿಕೆ ಇಲ್ಲ, ವಾಸಿ ಮಾಡುವ ಔಷಧಿಯೂ ಇಲ್ಲ. ಕೆರೆಯ ನೀರಿನ ಜೊತೆ ಮರಿಹುಳು ಹೊಟ್ಟೆ ಸೇರುತ್ತದೆ. ಸುಮಾರು ಒಂದು ವರ್ಷವಾದ ಮೇಲೆ ಒಂದು ಮೀಟರ್‌ವರೆಗೂ ಉದ್ದವಿರುವ ಹುಳು ಚರ್ಮ ಸೀಳಿ ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ, ದಿನಾ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ತಡೆಯುವ ದಾರಿಗಳು ಸರಳ: ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಹುಣ್ಣಾದವರು ಕೆರೆಗೆ ಇಳಿಯದಂತೆ ನೋಡಿಕೊಳ್ಳುವುದು. ಇದನ್ನು ಹಳ್ಳಿ ಹಳ್ಳಿಗೆ ಹೋಗಿ, ವರ್ಷಗಟ್ಟಲೆ ಹೇಳಬೇಕು. 1995ರಲ್ಲಿ ಸುಡಾನ್‌ನಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ಕಾರ್ಟರ್ ಎರಡೂ ಕಡೆಯವರ ಜೊತೆ ಮಾತಾಡಿ ಕದನವಿರಾಮಕ್ಕೆ ಒಪ್ಪಿಸಿದರು. ಕೆಲವು ತಿಂಗಳು ಗುಂಡಿನ ಸದ್ದು ತಗ್ಗಿತು, ಆರೋಗ್ಯ ಕಾರ್ಯಕರ್ತರು ಒಳಗೆ ಹೋದರು. ಮಾಜಿ ಅಧ್ಯಕ್ಷರ ಮಾತಿಗಿದ್ದ ತೂಕವನ್ನು ಬಳಸಬೇಕಾದ್ದು ಹೀಗೆ. 2023ರಲ್ಲಿ ಇಡೀ ಜಗತ್ತಿನಲ್ಲಿ ವರದಿಯಾದ ರೋಗಿಗಳು 14 ಜನ.

ಹಣದ ವಿಷಯ ಇಷ್ಟು ಚೊಕ್ಕವಾಗಿಲ್ಲ. ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್‌ನ ಸ್ಥಾಪಕರು ಕಾರ್ಟರ್ ಅವರ ಯೋಜನೆಗಳಿಗೆ ದೊಡ್ಡ ದೇಣಿಗೆ ಕೊಟ್ಟಿದ್ದರು. 1991ರಲ್ಲಿ ಆ ಬ್ಯಾಂಕಿನ ಭಾರಿ ವಂಚನೆ ಬಯಲಾಗಿ ಬಾಗಿಲು ಮುಚ್ಚಿತು. ಹಣ ಹೋದದ್ದು ಒಳ್ಳೆಯ ಕೆಲಸಕ್ಕೇ. ಆದರೂ ಕೊಟ್ಟವರು ಯಾರು, ಯಾಕೆ ಕೊಟ್ಟರು ಅಂತ ಮೊದಲೇ ವಿಚಾರಿಸಬೇಕು ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇನ್ನು ಉತ್ತರಾಧಿಕಾರ. 2015ರಲ್ಲಿ ಕಾರ್ಟರ್ ಅವರ ಮೊಮ್ಮಗ ಜೇಸನ್ ಟ್ರಸ್ಟಿಗಳ ಮಂಡಳಿಯ ಅಧ್ಯಕ್ಷರಾದರು. ಇದೊಂದರಿಂದಲೇ ತಪ್ಪು ಅನ್ನಲಾಗದು. ಆದರೆ ಇಂಥ ಯಾವ ಸಂಸ್ಥೆಯನ್ನು ಓದಿದರೂ, ಮಂಡಳಿಯಲ್ಲಿ ಮನೆಯವರು ಎಷ್ಟು, ಹೊರಗಿನವರು ಎಷ್ಟು, ಬೇಡ ಅಂತ ಹೇಳುವ ಅಧಿಕಾರ ಯಾರಿಗಿದೆ ಅಂತ ನೋಡಿ ಬರೆದುಕೊಳ್ಳಿ.