ಚಾಟನಿ: ಹೂಗಿಡದ ಕೊಂಬೆಯನ್ನು ಯಾವಾಗ, ಎಲ್ಲಿ ಕತ್ತರಿಸಬೇಕು

ಗಿಡದ ಕೊಂಬೆಗಳನ್ನು ಸರಿಯಾದ ಕಾಲದಲ್ಲಿ, ಸರಿಯಾದ ಜಾಗದಲ್ಲಿ ಕತ್ತರಿಸಿ ಹೊಸ ಚಿಗುರು ಬರಿಸುವ ಕೆಲಸವೇ ಚಾಟನಿ. ಮರಾಠಿಯಿಂದ ಬಂದ ಈ ಮಾತು ವಿಜಯಪುರದ ದ್ರಾಕ್ಷಿ ಬೆಳೆಗಾರರಲ್ಲಿ ದಿನಬಳಕೆಯದು. ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ ಎಂದೇ ಅವರ ವರ್ಷ ಸಾಗುತ್ತದೆ. ಬೇರೆ ಕಡೆ ಇದನ್ನೇ ಸವರುವುದು ಎನ್ನುತ್ತಾರೆ. ಮಲೆನಾಡಿನ ಕಾಫಿ ತೋಟಗಳಲ್ಲಿ ಕಸಿ ಎಂಬ ಮಾತಿದೆ.

ಕೊಂಬೆಯ ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಕಣ್ಣುಗಳನ್ನು, ಎಂದರೆ ಚಿಗುರೊಡೆಯುವ ಸಣ್ಣ ಉಬ್ಬುಗಳನ್ನು, ಚಿಗುರಲು ಬಿಡುವುದಿಲ್ಲ. ತುದಿಯನ್ನು ತೆಗೆದರೆ ಆ ತಡೆ ಹೋಗಿ, ಒಂದು ಕೊಂಬೆ ಇದ್ದಲ್ಲಿ ಎರಡು ಮೂರು ಒಡೆಯುತ್ತವೆ. ಆದರೆ ಎಲ್ಲ ಗಿಡಗಳನ್ನೂ ಒಂದೇ ತಿಂಗಳಲ್ಲಿ ಸವರಿಬಿಡುವುದು ತಪ್ಪು. ಕತ್ತರಿ ಎತ್ತುವ ಮುನ್ನ ಒಂದು ಸಂಗತಿ ತಿಳಿದಿರಲೇಬೇಕು: ಈ ಗಿಡ ಹೂ ಬಿಡುವುದು ಹೊಸ ಚಿಗುರಿನಲ್ಲೋ, ಹಿಂದಿನ ವರ್ಷ ಬಲಿತ ಕೊಂಬೆಯಲ್ಲೋ?

ದುಂಡು ಮಲ್ಲಿಗೆ ಹೊಸ ಚಿಗುರಿನ ಗಿಡ. ಅದರ ಹೂವಿನ ಕಾಲ ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ. ಹಾಗಾಗಿ ನವೆಂಬರ್ ಕೊನೆಯಲ್ಲಿ ಬುಡಕ್ಕೆ ನೀರು ಕೊಡುವುದನ್ನು ನಿಲ್ಲಿಸಿ, ಗಿಡ ಸ್ವಲ್ಪ ಬಾಡಿದ ಮೇಲೆ ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಸವರುತ್ತಾರೆ. ಉಳಿದ ಎಲೆಗಳನ್ನೂ ಉದುರಿಸುವುದುಂಟು. ಆಗ ಗಿಡ ಬರಿ ಕಡ್ಡಿಗಳಾಗಿ ಕಾಣುತ್ತದೆ, ನೋಡಿದವರಿಗೆ ಅಯ್ಯೋ ಅನ್ನಿಸುತ್ತದೆ. ಕೈ ಹಿಂಜರಿಯಬಾರದು. ಸವರದೆ ಬಿಟ್ಟ ಮಲ್ಲಿಗೆ ಬಳ್ಳಿಯಂತೆ ಹರಡಿ ಸೊಪ್ಪು ತುಂಬಿಕೊಂಡು, ಬೇಸಿಗೆಯಲ್ಲಿ ಬೊಗಸೆ ಹೂವನ್ನೂ ಕೊಡುವುದಿಲ್ಲ. ಜಾಜಿಗೆ ಜನವರಿಯವರೆಗೂ ಸಮಯವಿದೆ, ಅದರ ಹೂವು ಮಳೆಗಾಲದ್ದು.

ಗುಲಾಬಿಯನ್ನು ಮಳೆ ಕಳೆದ ಮೇಲೆ ಅಕ್ಟೋಬರ್ ಹೊತ್ತಿಗೆ ಸವರುವುದು ರೂಢಿ. ಸವರಿದ ಸುಮಾರು 45 ದಿನಕ್ಕೆ ಹೂವು ಅರಳುತ್ತದೆ. ಸಂಕ್ರಾಂತಿಗೆ ಹೂವು ಬೇಕೆನ್ನುವವರು ನವೆಂಬರ್ ಕೊನೆಯವರೆಗೆ ಕಾಯಬಹುದು. ದಾಸವಾಳವೂ ಹೊಸ ಚಿಗುರಿನಲ್ಲೇ ಹೂ ಬಿಡುತ್ತದೆ. ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ತೆಗೆದರೆ ಸಾಕು. ಕಾಗದದ ಹೂವಿಗೆ ಒಂದು ಸುತ್ತು ಹೂವು ಮುಗಿದೊಡನೆ ಕತ್ತರಿ ಹಾಕಬಹುದು.

ಕೊಡಗಿನ ಮನೆಗಳ ಮುಂದೆ ಮಳೆಗಾಲದಲ್ಲಿ ನೀಲಿ ಗೊಂಚಲು ಬಿಡುವ ಹೈಡ್ರೇಂಜಿಯಾದ ದಾರಿ ಬೇರೆ. ಅದರ ಮುಂದಿನ ವರ್ಷದ ಮೊಗ್ಗು ಈ ವರ್ಷದ ಕೊಂಬೆಯಲ್ಲೇ ಮೊದಲೇ ಕಟ್ಟಿರುತ್ತದೆ. ಗುಲಾಬಿಯ ಜೊತೆಗೇ ಮುಗಿಸೋಣವೆಂದು ಚಳಿಗಾಲದಲ್ಲಿ ಅದನ್ನೂ ಸವರಿದರೆ ಕತ್ತರಿಸಿದ್ದು ಹೂವನ್ನೇ. ಗೊಂಚಲು ಒಣಗಿದ ಕೂಡಲೇ, ಅದರ ಕೆಳಗಿನ ಜೋಡಿ ಕಣ್ಣಿನ ಮೇಲಕ್ಕೆ ಕತ್ತರಿಸಿ ಬಿಟ್ಟುಬಿಡಬೇಕು.

ಇನ್ನು ಕತ್ತರಿಸುವ ಬಗೆ. ಗುಲಾಬಿಯ ಕೊಂಬೆಯನ್ನು ಹತ್ತಿರದಿಂದ ನೋಡಿದರೆ ಎಲೆ ಉದುರಿದ ಗುರುತಿನ ಮೇಲೆ ಕೆಂಪನೆಯ ಸಣ್ಣ ಉಬ್ಬು ಕಾಣುತ್ತದೆ, ಅದೇ ಕಣ್ಣು. ಗಿಡದ ಹೊರಮುಖಕ್ಕಿರುವ ಕಣ್ಣನ್ನು ಆರಿಸಿ, ಅದಕ್ಕಿಂತ ಅರ್ಧ ಸೆಂಟಿಮೀಟರ್ ಮೇಲೆ, ನೀರು ಕಣ್ಣಿನತ್ತ ಇಳಿಯದಂತೆ ಓರೆಯಾಗಿ ಕತ್ತರಿಸಬೇಕು. ಹೆಚ್ಚು ಮೇಲೆ ಕತ್ತರಿಸಿದರೆ ಉಳಿದ ತುಂಡು ಒಣಗಿ, ಆ ಒಣಗು ಕೆಳಗಿಳಿಯುತ್ತದೆ. ಕತ್ತರಿ ಹರಿತವಾಗಿರಲಿ, ಜಜ್ಜಿದ ಗಾಯ ಬೇಗ ಮಾಯುವುದಿಲ್ಲ. ದಪ್ಪ ಕೊಂಬೆ ತೆಗೆದಲ್ಲಿ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚುವುದು ಒಳ್ಳೆಯದು.

ಒಣಗಿದ, ರೋಗ ಬಿದ್ದ ಕೊಂಬೆಗೆ ಕಾಲ ನೋಡಬೇಕಿಲ್ಲ. ಕಣ್ಣು ಕಸಿ ಮಾಡಿದ (ಇಲ್ಲಿ ಕಸಿ ಎಂದರೆ ಸವರುವುದಲ್ಲ, ಬೇರೊಂದು ಗಿಡದ ಬುಡಕ್ಕೆ ಕಣ್ಣು ಕೂರಿಸಿ ಬೆಳೆಸುವುದು) ಗುಲಾಬಿಯಲ್ಲಿ ಕಸಿಯ ಗಂಟಿನ ಕೆಳಗಿನಿಂದ ಸರಸರನೆ ಏಳುವ ಚಿಗುರಿಗೂ ಇದೇ ಮಾತು. ಅದು ಬೇರುಗಿಡದ್ದು, ಬಿಟ್ಟರೆ ಕೆಲವೇ ತಿಂಗಳಲ್ಲಿ ಮೇಲಿನ ಗುಲಾಬಿಯ ಆಹಾರವನ್ನೆಲ್ಲ ತಾನೇ ಎಳೆದುಕೊಳ್ಳುತ್ತದೆ. ಕಂಡ ದಿನವೇ ಬುಡದ ಮಣ್ಣು ಸರಿಸಿ, ಅದು ಹೊರಟ ಜಾಗದಿಂದಲೇ ಕಿತ್ತುಹಾಕಿ.