ಲಾವಾ ಬಂದರೆ ಓಡಿದರಾಯ್ತು, ಅಲ್ವಾ ಮಾಷ್ಟ್ರೇ?

ಪ್ರಶ್ನೆ: ನಾವು ಆರು ಜನ ಇಂಡೋನೇಷ್ಯಾಕ್ಕೆ ಹೋಗುತ್ತಿದ್ದೇವೆ. ಬ್ರೋಮೋ ಜ್ವಾಲಾಮುಖಿಯ ತುದಿ ಹತ್ತಿ ಅದರ ಬಾಯಿಯೊಳಗೆ ಇಣುಕುವ ಪ್ಲಾನ್ ಇದೆ. ಅಪಾಯವೇ? ಲಾವಾ ಉಕ್ಕಿದರೂ ನಿಧಾನ ಹರಿಯುತ್ತದೆ, ಓಡಿ ಬರಬಹುದು ಎಂದು ಟೂರಿನವರು ಹೇಳುತ್ತಾರೆ. (ಕಟಪಾಡಿಯಿಂದ ಒಬ್ಬರು)

ಉತ್ತರ: ನಮ್ಮ ಕಡೆಯಿಂದ ಬಾಲಿಗೆ ಹೋಗುವವರು ಜಾಸ್ತಿ ಆದಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಮ್ಮೆ ಕಾಪುವಿನಿಂದ ಬರುತ್ತದೆ, ಒಮ್ಮೆ ಸುರತ್ಕಲ್‌ನಿಂದ. "ಓಡಿ ಬರಬಹುದು" ಎನ್ನುವ ಮಾತು ಮಾತ್ರ ಹಾಗೇ ಇರುತ್ತದೆ. ಇವತ್ತು ಅದಕ್ಕೊಂದು ಗತಿ ಕಾಣಿಸಿಯೇ ಬಿಡುತ್ತೇನೆ.

ಮೊದಲು ಚಿಕ್ಕ ಉತ್ತರ. ಅಲ್ಲಿನ ಸರ್ಕಾರ ಬಿಡುವ ದಿನ, ಬಿಡುವಷ್ಟು ದೂರಕ್ಕೆ ಹೋಗಬಹುದು. ನಾನೂ ಹೋಗಿ ಬಂದಿದ್ದೇನೆ.

ಈಗ ಓಟದ ವಿಷಯ. ಹವಾಯಿಯ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಕೆಂಪಗಿನ ಲಾವಾ ಬೆಲ್ಲದ ಪಾಕದ ಹಾಗೆ ಮೆಲ್ಲಗೆ ಜಾರುತ್ತಿರುತ್ತದೆ, ಪಕ್ಕದಲ್ಲೇ ಒಬ್ಬ ನಿಂತು ಕಡ್ಡಿಯಲ್ಲಿ ಕೆದಕುತ್ತಿರುತ್ತಾನೆ. ಅದು ಸುಳ್ಳಲ್ಲ. ಆದರೆ ಅದು ಒಂದು ಜಾತಿಯ ಜ್ವಾಲಾಮುಖಿಯ ಒಂದು ದಿನದ ಮೂಡು ಅಷ್ಟೇ. ಲಾವಾ ಕೂಡ ಯಾವಾಗಲೂ ನಿಧಾನ ಅಲ್ಲ. 1977ರಲ್ಲಿ ಕಾಂಗೋದ ನ್ಯಿರಾಗಾಂಗೋದಲ್ಲಿ ಬೆಟ್ಟದ ಮೈ ಸೀಳಿ, ಮೇಲಿದ್ದ ಲಾವಾ ಕೆರೆಯೇ ಒಂದು ಗಂಟೆಯೊಳಗೆ ಖಾಲಿಯಾಯಿತು. ಕೆಳಗಿನ ಹಳ್ಳಿಯವರಿಗೆ ಓಡಲು ಸಮಯ ಸಿಗಲಿಲ್ಲ.

ಅದೂ ಇರಲಿ. ತುದಿ ನೋಡಲು ಹೋದವರನ್ನು ಕೊಲ್ಲುವುದು ಹೆಚ್ಚಾಗಿ ಲಾವಾ ಅಲ್ಲವೇ ಅಲ್ಲ. ನೀರು.

ಬಚ್ಚಲ ಒಲೆಯ ಕೆಂಡದಲ್ಲಿ ಹಲಸಿನ ಬೀಜ ಸುಟ್ಟು ತಿಂದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತುದಿ ಕೊಯ್ಯದೆ ಹಾಗೇ ಹಾಕಿದರೆ ಏನಾಗುತ್ತದೆ? ಎರಡು ನಿಮಿಷ ಸುಮ್ನೆ ಇರುತ್ತದೆ, ಆಮೇಲೆ ಫಟ್! ಬೂದಿ, ಕೆಂಡ ಎಲ್ಲ ಮುಖಕ್ಕೆ. ಬೀಜದೊಳಗೆ ಬೆಂಕಿ ಇತ್ತಾ? ಇಲ್ಲ, ಇದ್ದದ್ದು ಒಂದಿಷ್ಟು ನೀರಿನ ಪಸೆ. ಅದು ಹಬೆಯಾಯಿತು, ಹೊರಗೆ ಹೋಗಲು ದಾರಿ ಸಿಗಲಿಲ್ಲ. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1,700 ಲೀಟರ್ ಜಾಗ ಕೇಳುತ್ತದೆ. ಜ್ವಾಲಾಮುಖಿಯ ಬಾಯಿಯ ಕೆಳಗೂ ಇದೇ ಕಥೆ. ಮಳೆನೀರು ಬಿಸಿ ಕಲ್ಲಿನ ಸಂದಿಗೆ ಇಳಿದಿರುತ್ತದೆ. ಮೇಲಿನ ದಾರಿ ಮುಚ್ಚಿಕೊಂಡು, ಒತ್ತಡ ಏರಿ, ಒಂದು ಕ್ಷಣದಲ್ಲಿ ಬೆಟ್ಟದ ತಲೆ ಸಿಡಿಯುತ್ತದೆ. ಹೊಸ ಲಾವಾ ಒಂದು ಹನಿಯೂ ಬರಬೇಕೆಂದಿಲ್ಲ.

ಜಪಾನಿನ ಓಂಟಾಕೆಯಲ್ಲಿ ಆದದ್ದು ಇದೇ. 2014ರ ಸೆಪ್ಟೆಂಬರ್ 27, ಶನಿವಾರ, ಬೆಳಿಗ್ಗೆ 11.52. ರಜೆಯ ದಿನ, ಒಳ್ಳೆಯ ಬಿಸಿಲು, ತುದಿಯಲ್ಲಿ ಜನವೋ ಜನ. ಎಚ್ಚರಿಕೆ ಮಟ್ಟ ಎಷ್ಟಿತ್ತು ಗೊತ್ತಾ? ಒಂದು, ಅಂದರೆ ತೀರಾ ಕೆಳಗಿನದು. ಯಂತ್ರಗಳಿಗೆ ನಡುಕ ಸಿಕ್ಕಿದ್ದೇ ಸುಮಾರು 11 ನಿಮಿಷ ಮೊದಲು. 63 ಜನ ಸತ್ತರು ಅಥವಾ ಕಾಣೆಯಾದರು. ಹೆಚ್ಚಿನವರಿಗೆ ಹೊಡೆದದ್ದು ಆಕಾಶದಿಂದ ಬಿದ್ದ ಕಲ್ಲು. ಜಪಾನಿನಷ್ಟು ಯಂತ್ರ ಇಟ್ಟುಕೊಂಡವರಿಗೇ ಹೀಗೆ.

ನ್ಯೂಜಿಲೆಂಡಿನ ವಕಾರಿ ದ್ವೀಪವೂ ಹಾಗೆಯೇ. 2019ರ ಡಿಸೆಂಬರ್ 9ರಂದು ಅಲ್ಲಿ 47 ಜನ ಇದ್ದರು. ಕುದಿಯುವ ಹಬೆ ಮತ್ತು ಬೂದಿಯ ಅಲೆ ನೆಲಕ್ಕೆ ತಾಗಿಕೊಂಡೇ ಬಂತು. 22 ಜನ ತೀರಿಕೊಂಡರು. ಓಡಿದವರೂ ಇದ್ದರು, ಅಲೆ ಅವರಿಗಿಂತ ಬೇಗ ಓಡಿತು. ಈಗ ಹೇಳಿ, ಯಾವ ಲಾವಾ ನೋಡಿ ನೀವು ಓಡುವುದು?

"ಅಲ್ಲಿ ಗಣಪತಿ ಇದ್ದಾನಲ್ಲ ಮಾಷ್ಟ್ರೇ, ಏನೂ ಆಗಲಿಕ್ಕಿಲ್ಲ" ಎಂದು ಹೋದ ವರ್ಷ ಒಬ್ಬರು ಬರೆದಿದ್ದರು. ಹೌದು, ಬ್ರೋಮೋದ ಅಂಚಿನಲ್ಲಿ ಗಣಪತಿಯ ಮೂರ್ತಿ ಇದೆ. ಅಲ್ಲಿನ ತೆಂಗರ್ ಜನ ಹಿಂದೂಗಳು. ಕಸಾದ ಹಬ್ಬದಲ್ಲಿ ಅಕ್ಕಿ, ತರಕಾರಿ, ಕೋಳಿ, ಆಡು ಎಲ್ಲ ತಂದು ಬಾಯಿಯೊಳಗೆ ಎಸೆಯುತ್ತಾರೆ. ಕೆಲವರು ಒಳಗಿನ ಇಳಿಜಾರಿನಲ್ಲಿ ಬಲೆ ಹಿಡಿದು ನಿಂತು ಅದನ್ನು ಹಿಡಿದುಕೊಳ್ಳುತ್ತಾರೆ. ಕೈಮುಗಿಯಿರಿ, ನಾನೂ ಮುಗಿದೆ. ಆದರೆ ಗಣಪತಿ ಅಲ್ಲಿರುವುದೇ ಆ ಬೆಟ್ಟಕ್ಕೆ ಹೆದರಬೇಕು ಎಂದು ಊರವರಿಗೆ ಗೊತ್ತಿರುವುದರಿಂದ.

ಇನ್ನು ಮಾಡಬೇಕಾದದ್ದು. ಇಂಡೋನೇಷ್ಯಾದಲ್ಲಿ ಎಚ್ಚರಿಕೆಗೆ ನಾಲ್ಕು ಮೆಟ್ಟಿಲು: ನಾರ್ಮಲ್, ವಾಸ್ಪಾದಾ, ಸಿಯಾಗಾ, ಅವಾಸ್. ಜನ ಮೆಟ್ಟಿಲು ಮಾತ್ರ ನೋಡುತ್ತಾರೆ. "ಎರಡೇ ಅಲ್ವಾ" ಎನ್ನುತ್ತಾರೆ. ಅದರ ಜೊತೆ ಬಾಯಿಯಿಂದ ಎಷ್ಟು ಕಿಲೋಮೀಟರ್ ದೂರ ಇರಬೇಕೆಂದೂ ಬರೆದಿರುತ್ತದೆ, ಮುಖ್ಯ ಅದೇ. 2023ರ ಡಿಸೆಂಬರ್‌ನಲ್ಲಿ ಸುಮಾತ್ರಾದ ಮರಾಪಿ ಸಿಡಿದಾಗ ಮಟ್ಟ ಎರಡೇ ಇತ್ತು. ಮೂರು ಕಿಲೋಮೀಟರ್ ದೂರ ಇರಿ ಎಂಬ ಸೂಚನೆಯೂ ಇತ್ತು. ಆದರೂ ಜನ ಹತ್ತಿದ್ದರು. 24 ಜನ ಸತ್ತರು. (ಇದು ಜಾವಾದ ಮೆರಾಪಿ ಅಲ್ಲ. ಎರಡೂ ಒಂದೇ ಎಂದು ವಾಟ್ಸ್ಆ್ಯಪ್‌ನಲ್ಲಿ ನನ್ನ ಜೊತೆ ವಾದ ಮಾಡಬೇಡಿ.) ನೀವು ಹೋಗುವ ದಿನ ಅಂಚಿಗೆ ಹೋಗಬೇಡಿ ಎಂದಿದ್ದರೆ ಎದುರಿನ ಪೆನಂಜಾಕನ್ ಗುಡ್ಡದಿಂದ ಸೂರ್ಯೋದಯ ನೋಡಿ ಬನ್ನಿ. ಫೋಟೋ ಅಲ್ಲಿಂದಲೇ ಚಂದ. ಜೀಪಿಗೆ ಕೊಟ್ಟ ದುಡ್ಡು ಹೋಯಿತೆಂದು ಹತ್ತಬೇಡಿ.

ಅಂಚಿಗೆ ಹೋದರೂ ಹತ್ತು ನಿಮಿಷ ಸಾಕು. ನಿಂತಷ್ಟು ಹೊತ್ತೂ ಅಪಾಯದ ಲೆಕ್ಕ ಏರುತ್ತದೆ. ಬಾಯಿಯಿಂದ ಆಟಿ ತಿಂಗಳ ಕಡಲಿನಂಥ ಮೊರೆತ ಕೇಳುತ್ತದೆ, ಗಂಟಲು ಉರಿಯುತ್ತದೆ. ಆ ಬಿಳಿ ಹೊಗೆ ಬಹುಪಾಲು ಹಬೆ. ಉರಿ ತರುವುದು ಅದರೊಳಗಿನ ಗಂಧಕದ ಅನಿಲ. ಒದ್ದೆ ಕರವಸ್ತ್ರ ಅದನ್ನು ಅಷ್ಟಿಷ್ಟು ತಡೆದೀತು, ಇಂಗಾಲದ ಡೈಆಕ್ಸೈಡನ್ನು ಏನೂ ತಡೆಯದು. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ, ವಾಸನೆಯೂ ಇಲ್ಲ. ಹಾಗಾಗಿ ತಗ್ಗಿಗೆ ಇಳಿಯಬೇಡಿ. ಆರು ಜನರಲ್ಲಿ ಯಾರಿಗಾದರೂ ಆಸ್ತಮಾ ಇದ್ದರೆ ಅವರು ಕೆಳಗೇ ಕೂತು ಚಹಾ ಕುಡಿಯಲಿ. ಜಪಾನಿನ ಆಸೋ ಜ್ವಾಲಾಮುಖಿಯಲ್ಲಿ ಅಂಥವರನ್ನು ಬಾಯಿಯ ಹತ್ತಿರ ಬಿಡುವುದೇ ಇಲ್ಲ. ಮತ್ತೆ ಸ್ವೆಟರ್ ಒಯ್ಯಿರಿ. ಬ್ರೋಮೋ 2,329 ಮೀಟರ್, ನಮ್ಮ ಕುದುರೆಮುಖಕ್ಕಿಂತ ಎತ್ತರ.

ಯಾರೂ ಕೇಳದಿದ್ದರೂ ಒಂದು ಮಾತು. ಇಷ್ಟು ದೂರ ಹೋಗುವವರಲ್ಲಿ ಎಷ್ಟು ಜನ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲನ್ನು ಸರಿಯಾಗಿ ನೋಡಿದ್ದೀರಿ? ಅದೂ ಲಾವಾವೇ, ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡು ಹೋದ ಕಾಲದ್ದು. ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರಿಯುವ ಹಾಗೆ, ತಣ್ಣಗಾಗುವಾಗ ಕುಗ್ಗಿ ಬಿರಿದು ಕಂಬಗಳಾಗಿವೆ. ಎಲ್ಲರೂ ಅದನ್ನು ಬಸಾಲ್ಟ್ (ಹವಾಯಿಯಂಥ ಕಡೆ ಸಿಗುವ ಕಪ್ಪು ಲಾವಾ ಕಲ್ಲು) ಎನ್ನುತ್ತಾರೆ. ಅಲ್ಲ, ಅದು ರಯೋಲೈಟ್, ಡೇಸೈಟ್ ಎಂಬ, ಸಿಲಿಕಾ ಹೆಚ್ಚಿರುವ ಬೇರೆ ಜಾತಿಯ ಲಾವಾ ಕಲ್ಲು. ಅಲ್ಲಿ ಬಾಯಿ ಹುಡುಕಬೇಡಿ, ಇಲ್ಲ. ಮತ್ತೆ ಸಿಡಿಯುತ್ತದಾ ಎಂದು ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಿದ್ದ. ಆ ಲಾವಾ ಕೊಟ್ಟ ಬಿಸಿ ಜಾಗ (ಭೂಮಿಯ ಆಳದಿಂದ ಬಿಸಿ ಮೇಲೇಳುವ ತಾಣ) ಈಗ ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಎಷ್ಟೋ ಸಾವಿರ ಕಿಲೋಮೀಟರ್ ಆಚೆ, ಮರಿಯನ್ ದ್ವೀಪದ ಕೆಳಗಿದೆ ಎಂದು ಭೂವಿಜ್ಞಾನಿಗಳ ಲೆಕ್ಕ. ಒಲೆ ಆರಿಲ್ಲ, ನೆಲ ಸರಿದು ನಾವೇ ದೂರ ಬಂದಿದ್ದೇವೆ. 1980ರಲ್ಲಿ ಮರಿಯನ್ ಲಾವಾ ಉಗುಳಿತ್ತು ಕೂಡ.

ಮಳೆಗಾಲದಲ್ಲಿ ದೋಣಿ ಇಲ್ಲ. ದೋಣಿ ಶುರುವಾದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ, ಕಂಬಗಳ ಬದಿ ಎಣಿಸಲು ಹೇಳಿ. ಎಲ್ಲವೂ ಆರೇ ಬರುವುದಿಲ್ಲ. ಐದರದ್ದು, ಏಳರದ್ದು ಸಿಕ್ಕೇ ಸಿಗುತ್ತದೆ.