ಮೊದಲು ಕೈಗೆ, ಆಮೇಲೆ ಬಾಯಿಗೆ: ತರಗತಿಯಲ್ಲಿ ಅಡುಗೆ ಮಾಡಿ ಹೊಸ ಊಟ ಪರಿಚಯಿಸುವುದು

ಡಿ.ಎಡ್ ಎರಡನೇ ವರ್ಷದ ಇಂಟರ್ನ್‌ಶಿಪ್‌ಗೆ ನನ್ನನ್ನು ಹಾಕಿದ್ದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಒಂದು ಸಣ್ಣ ಊರಿನ ಶಾಲೆಗೆ. ಎರಡನೇ ತರಗತಿ, ಇಪ್ಪತ್ತಾರು ಮಕ್ಕಳು. ಆಹಾರದ ಪಾಠಕ್ಕೆ ಒಂದು ಚಟುವಟಿಕೆ ಬೇಕಿತ್ತು. ರಾಗಿ ಮುದ್ದೆ ಮಾಡಿ ತೋರಿಸೋಣ ಅಂದುಕೊಂಡೆ. ಮಂಡ್ಯ, ಹಾಸನದ ಕಡೆಯವರಿಗೆ ನಗು ಬರಬಹುದು, ಮುದ್ದೆಯೂ ಒಂದು ಹೊಸ ಊಟವೇ ಅಂತ. ಆದರೆ ನಮ್ಮ ಕಡೆ ಊಟ ಅಂದರೆ ಜೋಳ. ಚಳಿಗಾಲದಲ್ಲಿ ಸಜ್ಜೆ. ರಾಗಿ ಅಂದರೆ ಶುಗರ್ ಇರುವ ಅಜ್ಜನಿಗೆ ಕಾಯಿಸಿ ಕೊಡುವ ಗಂಜಿ, ಅಷ್ಟೇ.

ಮನೆಯಲ್ಲೇ ಮುದ್ದೆ ಮಾಡಿ ಡಬ್ಬಿಯಲ್ಲಿ ಒಯ್ದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. "ಎಲ್ಲರೂ ಒಂದು ತುತ್ತು ತಿನ್ನಲೇಬೇಕು, ತಿಂದವರಿಗೆ ಚಾಕೊಲೇಟ್" ಅಂದೆ. ಸಾಲಿನ ಮೊದಲ ಹುಡುಗ ಡಬ್ಬಿಯೊಳಗೆ ಇಣುಕಿ, "ಇದೇನ್ರಿ ಟೀಚರ್, ಸಗಣಿ ಕಂಡಂಗ ಅದ" ಅಂದ. ಮುಗೀತು ನನ್ನ ಪಾಠ. ಒಬ್ಬಳು ಬಾಯಿಗಿಟ್ಟು ಕಿಟಕಿಯಾಚೆ ಉಗುಳಿದಳು. ನಾಲ್ಕೈದು ಮಂದಿ ಚಾಕೊಲೇಟಿನ ಆಸೆಗೆ ನುಂಗಿ, ಗಟಗಟ ನೀರು ಕುಡಿದರು. ಉಳಿದ ಮುದ್ದೆ ನನ್ನ ಜೊತೆಯೇ ಬಸ್ ಹತ್ತಿ ಮನೆಗೆ ವಾಪಸ್ ಬಂತು.

ಆಮೇಲೆ ಓದಲು ಕುಳಿತಾಗ ಗೊತ್ತಾಯಿತು, ನಾನು ಮಾಡಿದ ತಪ್ಪುಗಳನ್ನೆಲ್ಲ ಬೇರೆಯವರು ಎಷ್ಟೋ ವರ್ಷಗಳ ಹಿಂದೆಯೇ ಪ್ರಯೋಗ ಮಾಡಿ ನೋಡಿದ್ದರು. ಆ ಓದು, ಆಮೇಲೆ ನಾಲ್ಕು ಶನಿವಾರ ನಾನೇ ಮಾಡಿ ಕಲಿತದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಇಂಟರ್ನ್‌ಶಿಪ್‌ಗೆ ಹೊರಟವರಿಗೆ ಉಪಯೋಗ ಆಗಬಹುದು.

ಈ ಅಂಜಿಕೆಗೆ ಒಂದು ಹೆಸರಿದೆ

ಹೊಸ ಊಟ ಕಂಡರೆ ಮಗು ಹಿಂದೆ ಸರಿಯುವುದಕ್ಕೆ ಫುಡ್ ನಿಯೋಫೋಬಿಯಾ ಅನ್ನುತ್ತಾರೆ. ನಾವು ಹೊಸ ಊಟದ ಅಂಜಿಕೆ ಅನ್ನೋಣ. ಹಾಲು ಬಿಡಿಸುವ ಹೊತ್ತಿನಲ್ಲಿ ಕೂಸಿಗೆ ಇದು ಕಡಿಮೆ. ಏನು ಕೊಟ್ಟರೂ ಬಾಯಿ ತೆರೆಯುತ್ತದೆ. ಎರಡು ವರ್ಷದ ಆಸುಪಾಸಿನಲ್ಲಿ ಅಂಜಿಕೆ ಏರುತ್ತದೆ, ಆರರವರೆಗೆ ಜೋರಾಗಿರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಮಗು ಸ್ವಂತ ಕಾಲಲ್ಲಿ ಓಡಾಡುವ ವಯಸ್ಸಿನಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳದಿರಲಿ ಅಂತ ಪ್ರಕೃತಿಯೇ ಇಟ್ಟ ಕಾವಲು ಇದು ಎಂಬುದು ಸಂಶೋಧಕರ ಊಹೆ. ಅಂದರೆ ನಮ್ಮ ಅಂಗನವಾಡಿ ಮತ್ತು ಒಂದು, ಎರಡನೇ ತರಗತಿಯ ಮಕ್ಕಳು ಈ ಕಾವಲಿನ ವಯಸ್ಸಿನಲ್ಲೋ ಅದರ ಅಂಚಿನಲ್ಲೋ ಇರುತ್ತಾರೆ. ಹಟ ಅಂತ ಬೈದು ಏನೂ ಪ್ರಯೋಜನ ಇಲ್ಲ.

ಈ ವಿಷಯದಲ್ಲಿ ಮತ್ತೆ ಮತ್ತೆ ಸಿಗುವ ಹೆಸರು ಲಿಯಾನ್ ಬರ್ಚ್, ಅಮೆರಿಕದ ಮನಶ್ಶಾಸ್ತ್ರಜ್ಞೆ. 1982ರ ಒಂದು ಪ್ರಯೋಗದಲ್ಲಿ ಎರಡು ವರ್ಷದ ಮಕ್ಕಳಿಗೆ ಐದು ಹೊಸ ತಿನಿಸು ಕೊಟ್ಟರು. ಒಂದನ್ನು 2 ಸಲ, ಒಂದನ್ನು 5 ಸಲ, ಹೀಗೆ 10, 15, 20 ಸಲ. ಹೆಚ್ಚು ಸಲ ರುಚಿ ನೋಡಿದ್ದನ್ನೇ ಮಕ್ಕಳು ಹೆಚ್ಚು ಮೆಚ್ಚಿದರು. ನಾವು ಮಾಡುವುದೇನು? ಎರಡು ಸಲ ಕೊಟ್ಟು, "ನಮ್ಮ ಹುಡುಗಗ ಅದು ಸೇರಂಗಿಲ್ರಿ" ಅಂತ ತೀರ್ಪು ಕೊಡುತ್ತೇವೆ.

ಮಕ್ಕಳಿಗೆ ಕಹಿ ಆಗುವುದಿಲ್ಲ ಅಂತ ಎಲ್ಲ ಪುಸ್ತಕದಲ್ಲೂ ಇದೆ. ಆದರೆ ನಮ್ಮ ಹಳ್ಳಿಯ ಮಗು ರೊಟ್ಟಿ ಜೊತೆ ಹಸಿ ಮೆಂತ್ಯ ಸೊಪ್ಪು ಅಗಿಯುತ್ತಾ ಕೂತಿರುತ್ತದೆ, ಅಲ್ವಾ? ಯಾರೂ ಅದಕ್ಕೆ ಲಂಚ ಕೊಟ್ಟಿಲ್ಲ. ಹುಟ್ಟಿದಾಗಿನಿಂದ ಎಲ್ಲರ ತಟ್ಟೆಯಲ್ಲೂ ಅದನ್ನು ಕಂಡಿದೆ. ಅನ್ನದ ಕಥೆಯೂ ಅದೇ. ನಮ್ಮಜ್ಜಿ ಸಣ್ಣವಳಿದ್ದಾಗ ಅವರ ಮನೆಯಲ್ಲಿ ಅನ್ನ ಅಂದರೆ ಹಬ್ಬ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾದಾಗ ಮೊದಲು ಬಂದದ್ದೇ ನಮ್ಮ ಈಶಾನ್ಯ ಜಿಲ್ಲೆಗಳಿಗೆ. ಈಗ ಶಾಲೆಯ ಮಕ್ಕಳಿಗೆ ಅನ್ನ ಸಾಂಬಾರ್ ಎಂದರೆ ದಿನದ ಮಾತು.

ಒತ್ತಾಯ, ಲಂಚ, ಉಪದೇಶ

ಬರ್ಚ್ ಮತ್ತು ಜೊತೆಯವರು 1984ರಲ್ಲಿ ಮಕ್ಕಳಿಗೆ ಒಂದು ಪಾನೀಯ ಕೊಟ್ಟು, ಕುಡಿದವರಿಗೆ ಬಹುಮಾನ ಇಟ್ಟರು. ಬಹುಮಾನ ಇದ್ದಾಗ ಮಕ್ಕಳು ಕುಡಿದರು. ಆದರೆ ಕೊನೆಗೆ ಅದರ ಮೇಲಿನ ಇಷ್ಟ ಕಡಿಮೆಯಾಗಿತ್ತು. ಮಗುವಿನ ಲೆಕ್ಕ ಸರಳ: ಕುಡಿಯಲು ಇವರೇ ಏನೋ ಕೊಡುತ್ತಿದ್ದಾರೆ ಅಂದರೆ ಇದರಲ್ಲಿ ಏನೋ ಐಬು ಇದೆ. 2006ರ ಇನ್ನೊಂದು ಅಧ್ಯಯನದಲ್ಲಿ "ಸೂಪ್ ಮುಗಿಸು" ಅಂತ ಒತ್ತಾಯ ಮಾಡಿ ನೋಡಿದರು. ಒತ್ತಾಯ ಇಲ್ಲದಾಗ ಮಕ್ಕಳು ಜಾಸ್ತಿ ಕುಡಿದರು, ಗೊಣಗಿದ್ದೂ ಕಡಿಮೆ.

ನನಗೆ ಬಹಳ ಆಶ್ಚರ್ಯ ತಂದದ್ದು 2014ರ ಒಂದು ಅಧ್ಯಯನ. ಚಿಕ್ಕ ಮಕ್ಕಳಿಗೆ ತಿಂಡಿ ಕೊಡುವಾಗ ಇದು ತಿಂದರೆ ಗಟ್ಟಿಯಾಗುತ್ತೀರಿ, ಜಾಣರಾಗುತ್ತೀರಿ ಎಂಬ ಕಥೆ ಹೇಳಿದಾಗ ಅವರು ತಿಂದದ್ದು ಕಡಿಮೆ! ಉಪಯೋಗ ಇದೆ ಅಂದರೆ ರುಚಿ ಇರಲಿಕ್ಕಿಲ್ಲ ಅಂತ ಅವರ ತರ್ಕ. ನಾವೋ, ಪಾಠ ಶುರು ಮಾಡುವುದೇ "ರಾಗಿಯಲ್ಲಿ ಕ್ಯಾಲ್ಸಿಯಂ ಇದೆ" ಅಂತ. ಇರುವುದು ನಿಜ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಜೋಳದಲ್ಲಿ 30ರ ಒಳಗೆ. ಈ ಲೆಕ್ಕ ನಮ್ಮ ಪರೀಕ್ಷೆಗೆ ಇರಲಿ, ತಾಯಂದಿರ ಸಭೆಗೆ ಇರಲಿ. ಎರಡನೇ ತರಗತಿಯ ಮಗುವಿನ ತಟ್ಟೆ ಎದುರು ಬೇಡ.

ಕೈಯ ಪಾಲು

ಹಾಗಾದರೆ ಅಡುಗೆ ಯಾಕೆ? ಸುಮ್ನೆ ದಿನಾ ತಂದು ಇಟ್ಟರೆ ಆಗದೇ? ಬರ್ಚ್ 1987ರಲ್ಲಿ ಇದನ್ನೂ ನೋಡಿದರು. ಬರೀ ನೋಡುವುದರಿಂದ ಹಣ್ಣು ಕಣ್ಣಿಗೆ ಚೆಂದ ಕಾಣತೊಡಗಿತು, ನಾಲಿಗೆಗೆ ಏನೂ ಆಗಲಿಲ್ಲ. ರುಚಿ ಹತ್ತಲು ಬಾಯಿಗೆ ಬರಲೇಬೇಕು. ಆದರೆ ಬಾಯಿಯವರೆಗೆ ಬರಲು ದಾರಿ ಬೇಕಲ್ಲ. ಮುಟ್ಟುವುದು, ಮೂಸುವುದು, ನಾದುವುದು ಆ ದಾರಿ. ಅಡುಗೆಯಲ್ಲಿ ಮಗು ಹೊಸ ವಸ್ತುವನ್ನು ಹತ್ತು ಸಲ ಭೇಟಿಯಾಗುತ್ತದೆ, ಒಂದು ಸಲವೂ "ತಿನ್ನು" ಅನ್ನಿಸಿಕೊಳ್ಳದೆ.

ಫ್ರಾನ್ಸಿನಲ್ಲಿ ಜಾಕ್ ಪ್ಯುಯ್‌ಸೆ ಎಂಬವರು 1970ರ ದಶಕದಲ್ಲೇ ಶಾಲೆಗಳಲ್ಲಿ ರುಚಿಯ ತರಗತಿ ಶುರು ಮಾಡಿದ್ದರು. ಐದೂ ಇಂದ್ರಿಯ ಬಳಸಿ ಊಟವನ್ನು ಗುರುತಿಸುವುದು, ಅದಕ್ಕೆ ಮಾತು ಹುಡುಕುವುದು ಅವರ ಕ್ರಮ. ಅದು ಮುಂದೆ ಸಾಪೆರೆ ವಿಧಾನ ಎಂಬ ಹೆಸರಲ್ಲಿ ಫಿನ್ಲೆಂಡ್, ಸ್ವೀಡನ್ ಕಡೆ ಹೋಯಿತು. ಷಿಕಾಗೋದಲ್ಲಿ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ತೆರೆದ ಶಾಲೆಯಲ್ಲೂ ಅಡುಗೆ ಒಂದು ಪಾಠವೇ ಆಗಿತ್ತು. ಕೈಕೆಲಸದ ಮೂಲಕ ಕಲಿಸಬೇಕು ಎಂಬ ಗಾಂಧೀಜಿಯವರ 1937ರ ವಾರ್ಧಾ ಯೋಜನೆ ನಿಮಗೆ ಗೊತ್ತೇ ಇದೆ. ಪರೀಕ್ಷೆಗೆ ಈ ಮೂರು ಹೆಸರು ಸಾಕು.

ನಾವೆಲ್ಲ ಬಾಯಿಪಾಠ ಮಾಡಿದ ಸೂತ್ರ ಒಂದಿದೆ: ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ. ಗಣಿತಕ್ಕೆ ಅನ್ವಯಿಸುತ್ತೇವೆ, ಪರಿಸರ ಅಧ್ಯಯನಕ್ಕೆ ಅನ್ವಯಿಸುತ್ತೇವೆ, ಊಟಕ್ಕೆ ಮಾತ್ರ ಮರೆಯುತ್ತೇವೆ. ನನ್ನ ಮಕ್ಕಳಿಗೆ ಗೊತ್ತಿದ್ದದ್ದು ಜೋಳದ ರೊಟ್ಟಿ. ನಾನು ತಂದದ್ದು ಮುದ್ದೆ. ನಡುವೆ ಸೇತುವೆಯೇ ಇರಲಿಲ್ಲ.

ನಾಲ್ಕು ಶನಿವಾರ

ಶನಿವಾರ ಬೆಳಗಿನ ಶಾಲೆ. ಹಸಿವೂ ಇರುತ್ತದೆ, ಬಿಸಿಲೂ ಏರಿರುವುದಿಲ್ಲ. ಬಿಸಿಯೂಟ ಆದ ಮೇಲೆ ಈ ಚಟುವಟಿಕೆ ಇಡಬೇಡಿ. ಹೊಟ್ಟೆ ತುಂಬಿದ ಮಗುವಿಗೆ ಹೊಸ ರುಚಿ ಯಾಕೆ ಬೇಕು?

ಮೊದಲ ಶನಿವಾರ ತಿನ್ನುವ ಮಾತೇ ಇಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯಿಂದ ಅರ್ಧ ಕೆಜಿ ರಾಗಿ ಒಯ್ದಿದ್ದೆ. ಜೋಳ, ಸಜ್ಜೆ ಮಕ್ಕಳೇ ಮನೆಯಿಂದ ಒಂದೊಂದು ಹಿಡಿ ತಂದರು. ಕಾಳು ಮುಟ್ಟಿದರು. ರಾಗಿ ನೋಡಿ "ಸಾಸಿವಿ ಏನ್ರಿ?" ಅಂದರು. ಕಣ್ಣು ಮುಚ್ಚಿ ಬೆರಳಲ್ಲೇ ಮೂರನ್ನೂ ಬೇರೆ ಮಾಡುವ ಆಟ ಆಡಿದೆವು. ಸಗಣಿ ಅಂದಿದ್ದ ಹುಡುಗನೇ ಗೆದ್ದ. ರಾಗಿಯ ಹಸಿ ಹಿಟ್ಟು ಮೂಸಿ ಒಬ್ಬಳು "ಮಳಿ ಬಂದಂಗ ವಾಸನಿ ಅದ" ಅಂದಳು. ಕಪ್ಪು ಹಲಗೆಯ ಮೇಲೆ ಬರೆದಿಟ್ಟೆ.

ಎರಡನೇ ಶನಿವಾರ ಹಿಟ್ಟು ನಾದುವುದು. ಇಲ್ಲೊಂದು ಒಳ್ಳೆಯ ವಿಜ್ಞಾನ ಪಾಠ ಇದೆ, ಬಿಡಬೇಡಿ. ಗೋಧಿ ಹಿಟ್ಟಿಗೆ ತಣ್ಣೀರು ಹಾಕಿದರೂ ಹಿಡಿದುಕೊಳ್ಳುತ್ತದೆ, ಯಾಕೆಂದರೆ ಅದರಲ್ಲಿ ಗ್ಲುಟೆನ್ ಎಂಬ ಅಂಟು ಇದೆ. ಜೋಳಕ್ಕೂ ರಾಗಿಗೂ ಅದಿಲ್ಲ. ಅದಕ್ಕೇ ನಮ್ಮ ತಾಯಂದಿರು ಜೋಳದ ಹಿಟ್ಟಿಗೆ ಎಸರು ಇಟ್ಟು ಕುದಿಯುವ ನೀರು ಹಾಕುವುದು. ಬಿಸಿಗೆ ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬುತ್ತದೆ, ಅದೇ ಅಂಟಾಗುತ್ತದೆ. ಮುದ್ದೆ ನಿಲ್ಲುವುದೂ ಇದೇ ಗುಟ್ಟಿನ ಮೇಲೆ. ಎರಡು ಉಂಡೆ ಮಾಡಿಸಿ, ಒಂದು ತಣ್ಣೀರಿನದು, ಒಂದು ಬಿಸಿನೀರಿನದು. ಬಡಿಯಲು ಹೋದರೆ ತಣ್ಣೀರಿನದು ಅಂಚಿನಿಂದ ಬಿರುಕು ಬಿಡುತ್ತದೆ. ಬಿಸಿನೀರು ಹಾಕಿ ಕಟ್ಟಿಗೆಯಿಂದ ಕಲಸುವುದು ಟೀಚರ್ ಕೆಲಸ. ಆರಿದ ಮೇಲೆ ಮಕ್ಕಳ ಕೈಗೆ.

ಅವತ್ತು ಮೂರು ಕಪ್ ಜೋಳಕ್ಕೆ ಒಂದು ಕಪ್ ರಾಗಿ ಬೆರೆಸಿದೆವು. ಭಿನ್ನರಾಶಿಯ ಪಾಠಕ್ಕೂ ದಾರಿಯಾಯಿತು. ರೊಟ್ಟಿ ಬಡಿಯುವ ಸದ್ದು ಎಲ್ಲರಿಗೂ ಗೊತ್ತು, ಆದರೆ ಹುಡುಗರು ಯಾರೂ ಬಡಿದಿರಲಿಲ್ಲ. ಅವರ ರೊಟ್ಟಿಗಳು ಭಾರತದ ನಕ್ಷೆಯ ಹಾಗೆ ಬಂದವು. ಬಿಸಿಯೂಟದ ಅಕ್ಕ ಸುಟ್ಟುಕೊಟ್ಟರು. ಜೊತೆಗೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಮತ್ತು ಮೊಸರು. ಹೊಸದನ್ನು ಇಷ್ಟದ ರುಚಿಯ ಜೊತೆ ಕೊಡಬೇಕು ಅಂತ ಸಂಶೋಧನೆ ಹೇಳುತ್ತದೆ. ನಮ್ಮ ಕಡೆ ಅದರ ಅನುವಾದ ಶೇಂಗಾ ಹಿಂಡಿ. ತನ್ನ ಕೈಯ ರೊಟ್ಟಿಯನ್ನು ಬಿಡುವ ಮಗು ಕಡಿಮೆ.

ಮೂರನೇ ವಾರ ಅರ್ಧಕ್ಕರ್ಧ. ಜೊತೆಗೆ ಮಜ್ಜಿಗೆ ಹಾಕಿದ ರಾಗಿ ಅಂಬಲಿ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಜೋಳದ ಅಂಬಲಿ ಕುಡಿದ ಮಕ್ಕಳಿಗೆ ಇದು ದೂರದ ನೆಂಟ. ನಾಲ್ಕನೇ ವಾರ ಮುದ್ದೆ. ಒದ್ದೆ ಕೈಯಲ್ಲಿ ನಿಂಬೆಹಣ್ಣಿನ ಗಾತ್ರಕ್ಕೆ ಅವರೇ ಉರುಳಿಸಿದರು, ನಮ್ಮ ಕಡೆಯ ಹುಳಿ ಸೊಪ್ಪಿನ ಪುಂಡಿಪಲ್ಯದ ಜೊತೆ ಕೊಟ್ಟೆ. ಮಂಡ್ಯದವರು ನೋಡಿದರೆ ಏನನ್ನುತ್ತಿದ್ದರೋ! ಆದರೆ ಹೊಂದುತ್ತದೆ, ಮಾಡಿ ನೋಡಿ. ಮುದ್ದೆಯನ್ನು ಅಗಿಯದೆ ನುಂಗುವ ಪದ್ಧತಿಯನ್ನು ಮಾತ್ರ ಸಣ್ಣ ಮಕ್ಕಳಿಗೆ ಕಲಿಸಲು ಹೋಗಬೇಡಿ.

ತರಗತಿಯ ಕಟ್ಟಳೆ

"ಥೂ", "ಛೀ" ಅನ್ನುವಂತಿಲ್ಲ. ಬೇಡವಾದರೆ "ನನಗ ಇನ್ನಾ ರೂಢಿ ಇಲ್ಲ" ಅನ್ನಬಹುದು. ಈ "ಇನ್ನಾ" ಎಂಬ ಪದ ಬಹಳ ಕೆಲಸ ಮಾಡುತ್ತದೆ. ಇನ್ನೊಂದು ಕಾರಣಕ್ಕೂ ಈ ಕಟ್ಟಳೆ ಬೇಕು. ಒಂದು ಮಗುವಿಗೆ ಹೊಸದಾದ ಊಟ ಪಕ್ಕದ ಮಗುವಿನ ಮನೆಯ ದಿನದ ಊಟ ಆಗಿರಬಹುದು. ನಮ್ಮ ತರಗತಿಗಳಲ್ಲಿ ಲಿಂಗಾಯತರ ಮನೆಯವರು, ಮುಸ್ಲಿಮರ ಮನೆಯವರು, ದಲಿತರ ಮನೆಯವರು, ತಾಂಡಾದಿಂದ ಬರುವವರು ಒಂದೇ ಚಾಪೆ ಮೇಲೆ ಕೂರುತ್ತಾರೆ. ಒಂದು "ಛೀ" ಊಟಕ್ಕೆ ಅಂದದ್ದಾಗಿ ಉಳಿಯುವುದಿಲ್ಲ, ಮನೆಗೆ ಅಂದದ್ದಾಗುತ್ತದೆ. ಆದ್ದರಿಂದ ಮೊದಲ ಸಲಕ್ಕೆ ಯಾರ ಮನೆಯ ಊಟವೂ ಅಲ್ಲದ್ದನ್ನು ಆರಿಸಿ, ಎಲ್ಲರೂ ಸಮ ಆಗುತ್ತಾರೆ. ರಾಗಿ ನನಗೆ ಹಾಗೆ ಒದಗಿತು. ಮೊಟ್ಟೆ, ಮಾಂಸದ ವಿಷಯದಲ್ಲಿ ಮನೆಯವರನ್ನು ಕೇಳದೆ ಮುಂದೆ ಹೋಗಬೇಡಿ. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ ಸೇರಿ ಕೆಲವು ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗಲೂ, ತಿನ್ನದವರಿಗೆ ಬಾಳೆಹಣ್ಣು ಇತ್ತು.

ಕೈ ತೊಳೆಯುವುದು ಸೋಪಿನಲ್ಲಿ, 20 ಸೆಕೆಂಡ್. ಒಲೆ, ಚಾಕು ದೊಡ್ಡವರ ಕೈಯಲ್ಲೇ. ಶೇಂಗಾ ಯಾರಿಗಾದರೂ ಆಗುವುದಿಲ್ಲವೇ ಅಂತ ಮೊದಲೇ ಕೇಳಿ. ಅಂಗನವಾಡಿ ಕೂಸುಗಳಿಗೆ ಇಡೀ ಶೇಂಗಾ, ಇಡೀ ದ್ರಾಕ್ಷಿ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಕರಾವಳಿಯ ಪತ್ರೊಡೆ ಮಾಡೋಣ ಅಂತ ಒಬ್ಬ ಗೆಳತಿ ಹೊರಟಿದ್ದಳು, ಬೇಡ ಅಂದೆ. ಹಸಿ ಕೆಸುವಿನ ಎಲೆ ಮುಟ್ಟಿದರೆ ಕೈ ತುರಿಸುತ್ತದೆ. ಕೈಯಿಂದ ಶುರುವಾಗುವ ಪಾಠಕ್ಕೆ ಅದು ಮೊದಲ ಆಯ್ಕೆ ಆಗಲಾರದು. ಒಲೆಯೇ ಇಲ್ಲದ ಕಡೆ ಮೊಳಕೆ ಕಾಳಿನ ಕೋಸಂಬರಿ ಮಾಡಬಹುದು. ನಮ್ಮ ಸೆಕೆಗೆ ಹೆಸರುಕಾಳು ಒಂದೂವರೆ ದಿನದಲ್ಲಿ ಬಾಲ ಬಿಡುತ್ತದೆ.

ದಾಖಲೆ ಪುಸ್ತಕದಲ್ಲಿ ಏನು ಬರೆಯಬೇಕು

ಇಲ್ಲಿ ನನ್ನದೊಂದು ತಕರಾರು. ಪಾಠಯೋಜನೆಯ ಮೌಲ್ಯಮಾಪನ ಕಾಲಂನಲ್ಲಿ ಎಲ್ಲರೂ ಬರೆಯುವುದು "ತಿಂದರು / ತಿನ್ನಲಿಲ್ಲ". ನಾನು ಐದು ಕಾಲಂ ಹಾಕಿದೆ: ಮುಟ್ಟಿದ, ಮೂಸಿದ, ನೆಕ್ಕಿದ, ಕಚ್ಚಿದ, ನುಂಗಿದ. ಪ್ರತಿ ವಾರ ಪ್ರತಿ ಮಗುವಿಗೆ ಒಂದು ಗುರುತು. ಮೊದಲ ದಿನ ಕಿಟಕಿಯಾಚೆ ಉಗುಳಿದ್ದಳಲ್ಲ, ಅವಳು ನಾಲ್ಕನೇ ವಾರದ ಹೊತ್ತಿಗೂ ಕಚ್ಚಿರಲಿಲ್ಲ. ಮುದ್ದೆ ಮಾತ್ರ ಎಲ್ಲರಿಗಿಂತ ದುಂಡಗೆ ಉರುಳಿಸಿದಳು. ಬೆರಳಿಗೆ ಹತ್ತಿದ್ದನ್ನು ನೆಕ್ಕಿದಳು. ನೋಡಲು ಬಂದ ಮೇಲ್ವಿಚಾರಕರು ಅವಳ ಸಾಲಿನ ಮೇಲೆ ಪೆನ್ ಇಟ್ಟು, "ನಾಲ್ಕು ವಾರಕ್ಕ ಇಷ್ಟೇನಾ?" ಅಂತ ಕೇಳಿದರು. "ಹೌದ್ರಿ ಸರ್, ನೆಕ್ಕ್ಯಾಳ" ಅಂದೆ.